ಕಾಶಿಯದಲ್ಲದ ಕಾಶಿ ಮಣಿ

ಬಸವನಗುಡಿಯ ನಮ್ಮ ಮನೆಯ ದೇವರ ಪೆಟ್ಟಿಗೆಯಲ್ಲಿ ಅಮ್ಮನ ತವರಿನಿಂದ ಬಂದ ಒಂದು ಗಾಜಿನ ಮಣಿ ಇದೆ. ನೇರಳೆ ಬಣ್ಣ, ಮೇಲೆ ಹಕ್ಕಿಗರಿಯ ಹಾಗೆ ಬಿಳಿ ಗೆರೆಗಳು. ಕೂಸು ಹುಟ್ಟಿದರೆ ಅದನ್ನು ಉಡಿದಾರಕ್ಕೆ ಪೋಣಿಸಿ ಸೊಂಟಕ್ಕೆ ಕಟ್ಟೋದು ಪದ್ಧತಿ. ಎಲ್ಲರೂ ಕಾಶಿ ಮಣಿ ಅಂತಾರೆ. ಅಮ್ಮ ಮಾತ್ರ ಅನ್ನಲ್ಲ. ಅವಳು ಎಳೆಗೂಸಾಗಿದ್ದಾಗ ಜ್ವರ ಬಂದು, ಇನ್ನೇನು ಉಳಿಯಲ್ಲ ಅನ್ನೋ ಹೊತ್ತಿಗೆ, ಚಾಮರಾಜಪೇಟೆಯ ಪಕ್ಕದ ಮನೆಯ ಮುಸ್ಲಿಂ ಅಜ್ಜಿಯೊಬ್ಬರು ಹಜ್‌ನಿಂದ ತಂದಿದ್ದ ಮಣಿಯನ್ನು ಬಿಚ್ಚಿ ಕೊಟ್ಟಿದ್ದರಂತೆ. ಮಡಿವಂತರ ಮನೆಯಲ್ಲಿ ಹಾಗಂತ ಹೇಳೋದುಂಟೇ? ನಮ್ಮಜ್ಜಿ ಕಾಶಿಯದು ಅಂದುಬಿಟ್ಟಳು. ನಿಜ ಹೇಳಿದ್ದು ಮಗಳಿಗೊಬ್ಬಳಿಗೇ.

ಈ ವರ್ಷ ನನಗೆ ಮೊಮ್ಮಗಳು ಹುಟ್ಟಿದಾಗ ಅಮ್ಮ ಹಠ ಹಿಡಿದಳು: "ಎಂಬತ್ತನಾಲ್ಕಾಯ್ತು ನಂಗೆ. ಈ ಸಲ ನಿಜ ಹೇಳೇ ಕಟ್ಟಬೇಕು."

ಅವಳ ತಮ್ಮ, ಅಂದರೆ ನನ್ನ ಸೋದರಮಾವ, "ಅಕ್ಕಂಗೆ ಅರಳುಮರಳು" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅಮ್ಮನ್ನ ಹಾಗನ್ನೋಕೆ ಇವರ್ಯಾರು? ಇರಿ, ತೋರಿಸ್ತೀನಿ ಅಂದೆ.

ಹಳೇ ಗಾಜಿನ ಮೇಲೆ ಕೆಲಸ ಮಾಡೋ ನನ್ನ ಶಿಷ್ಯೆಯೊಬ್ಬಳನ್ನು ಮನೆಗೆ ಕರೆದೆ. ಅವಳು ಬರೋ ಮುಂಚೆ ನಾನು ಏನು ಮಾಡಿದೆ ಗೊತ್ತೆ? ಮಣಿ ಮಂಕಾಗಿದೆಯಲ್ಲ ಅಂತ, ಹಬ್ಬಕ್ಕೆ ದೀಪ ತಿಕ್ಕೋ ಹಾಗೆ ಹುಣಸೆಹಣ್ಣು, ರಂಗೋಲಿ ಪುಡಿ ಹಾಕಿ ತಿಕ್ಕಿದೆ. ಬೂದುಬಣ್ಣದ ಪೊರೆಯೊಂದು ಎದ್ದು ಬಂತು. ಕೊಳೆ ಹೋಯಿತು ಅಂತ ಖುಷಿಪಟ್ಟೆ.

ಅವಳು ಭೂತಗನ್ನಡಿ ಹಿಡಿದಳು. "ಬಿಸಿಗಾಜಿನ ಮೇಲೆ ಬಿಳಿ ಎಳೆ ಸುತ್ತಿ, ಮೊನೆಯಿಂದ ಎಳೆದು ಗರಿ ಮಾಡಿದಾರೆ. ಈಜಿಪ್ಟ್, ಸಿರಿಯಾ ಕಡೆ ಸುಲ್ತಾನರ ಕಾಲದಲ್ಲಿ ಹೀಗೆ ಮಾಡ್ತಿದ್ರು ಮೇಡಂ. ಆದ್ರೆ ನಕಲೂ ಬರತ್ತೆ. ಹಳೇ ಗಾಜಿಗೆ ಪೊರೆ ಕಟ್ಟಿರಬೇಕು. ಇದಕ್ಕಿಲ್ವಲ್ಲ?"

ಅಯ್ಯೋ ನನ್ನ ಕರ್ಮವೇ! ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದೋಳು ನಾನು! ಮಾವ ಕಾಫಿ ಹೀರುತ್ತ ನಕ್ಕರು. ಅಮ್ಮ ತಲೆ ತಗ್ಗಿಸಿದಳು.

ನಾನು ಅಷ್ಟಕ್ಕೆ ಬಿಡೋಳಲ್ಲ. "ಮೇಲಿನ ಪೊರೆ ನಾನೇ ತಿಕ್ಕಿ ತೆಗೆದುಬಿಟ್ಟೆ. ತೂತಿನೊಳಗೆ ನೋಡೇ. ಅಲ್ಲಿಗೆ ನನ್ನ ಬೆರಳು ಹೋಗಿಲ್ಲ" ಅಂದೆ.

ಟಾರ್ಚ್ ಹಾಕಿ ನೋಡಿದಳು. ಒಳಗೆ ಪೊರೆ ಹಾಗೇ ಅಂಟಿಕೊಂಡಿತ್ತು, ನೀರಿನ ಮೇಲೆ ಎಣ್ಣೆ ಬಿದ್ದ ಹಾಗೆ ಬಣ್ಣಬಣ್ಣ. "ನಕಲಲ್ಲ ಮೇಡಂ. ಕಡಲಾಚೆಯದೇ. ಆದ್ರೆ ಯಾರು ಕೊಟ್ಟರು ಅಂತ ಗಾಜು ಹೇಳಲ್ಲ."

"ಅದನ್ನ ಅಮ್ಮ ಹೇಳ್ತಾಳೆ" ಅಂದೆ.

ಮಾವ ಲೋಟ ಕೆಳಗಿಟ್ಟರು. "ಹಾಗಾದ್ರೆ ಅದು ದೇವರ ಪೆಟ್ಟಿಗೇಲಿರೋದು ಬೇಡ."

ಅಮ್ಮ ಈಗ ತಲೆ ಎತ್ತಿದಳು. "ಮೂರು ವರ್ಷ ಇದು ನಿನ್ನ ಸೊಂಟದಲ್ಲೇ ಇತ್ತು ಕಣೋ. ಬಿಚ್ಚಿದ್ರೆ ಅಳ್ತಿದ್ದೆ. ನಾನೇ ಮತ್ತೆ ಕಟ್ತಿದ್ದೆ. ಈಗ ಎಲ್ಲಿ ಬಿಸಾಕಲಿ, ನೀನೇ ಹೇಳು."

ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಕೋಪ ಮಾಡ್ಕೊಂಡು ಹೋದರು ಅಂದುಕೊಂಡೆ. ಅರ್ಧ ಗಂಟೆಗೆ ಗಾಂಧಿ ಬಜಾರಿನಿಂದ ಕರಿದಾರ ಹಿಡಿದು ವಾಪಸ್ ಬಂದರು.

"ಪಕ್ಕದ ಮನೆ ಅಜ್ಜಿ ಕೊಟ್ಟಿದ್ದು" ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿ ಅಮ್ಮ ಮಣಿ ಪೋಣಿಸಿದ ದಾರವನ್ನು ಕೂಸಿನ ಸೊಂಟಕ್ಕೆ ಸುತ್ತಿದಳು. ಗಂಟು ಹಾಕಿದ್ದು ಮಾವ.