ಮೀನಿಲ್ಲದ ನೋಂಬು

ಸೌದಿಯ ಜುಬೈಲಿನ ಕಾರ್ಮಿಕರ ಕ್ಯಾಂಪಿನಲ್ಲಿ ನಮ್ಮ ಕೋಣೆಗೆ ಮೂವರು. ನಾನು ಮತ್ತು ಕಿನ್ನಿಗೋಳಿ ಕಡೆಯ ಒಬ್ಬ ಹಿರಿಯ ವೆಲ್ಡರ್ ಕಥೋಲಿಕರು. ಮೂರನೆಯವನು ಕೇರಳದ ಸಿರಿಯನ್ ಸಭೆಯವನು, ಕ್ರೈಸ್ತನೇ, ಆದರೆ ಪೋಪರ ಕೆಳಗಿನವನಲ್ಲ. ಮಂಗಳೂರಿನಲ್ಲಿ ಎಂಟು ವರ್ಷ ದುಡಿದಿದ್ದರಿಂದ ನಮ್ಮ ಕನ್ನಡ ಅವನಿಗೆ ಬರುತ್ತಿತ್ತು. ಅಲ್ಲಿ ನಮ್ಮ ಪ್ರಾರ್ಥನೆಗೆ ಅನುಮತಿ ಇಲ್ಲ; ರಜೆಯ ಶುಕ್ರವಾರ ಬೆಳಿಗ್ಗೆ ಬಾಗಿಲು ಹಾಕಿ, ದನಿ ತಗ್ಗಿಸಿ, ಮೂವರೂ ಪ್ರಾರ್ಥನೆ ಮಾಡುತ್ತಿದ್ದೆವು. ಆಮೇಲೆ ಒಂದೇ ಪಾತ್ರೆಯ ಅನ್ನ. ವಾರದಲ್ಲಿ ನನಗೆ ಮನೆ ಅನ್ನಿಸುತ್ತಿದ್ದದ್ದು ಆ ಎರಡು ಗಂಟೆ ಮಾತ್ರ.

ನಾನು ಏಳನೆಯದಕ್ಕೆ ಶಾಲೆ ಬಿಟ್ಟವನು. ನಲವತ್ತು ದಾಟಿದ ಮೇಲೆ ಪ್ರವೇಶ ಪರೀಕ್ಷೆ ಬರೆದು ಅಂಚೆ ಶಿಕ್ಷಣದಲ್ಲಿ ಬಿ.ಎ. ಕಟ್ಟಿದ್ದೆ. ಆ ವರ್ಷದ ಇತಿಹಾಸದಲ್ಲಿ ಮೊದಲ ಶತಮಾನಗಳ ಕ್ರೈಸ್ತರ ಪಾಠವಿತ್ತು. ಕಂಪನಿ ಬಸ್ಸಿನಲ್ಲಿ ನಿದ್ದೆ ತಡೆದು ಓದುತ್ತಿದ್ದೆ. ರೋಮಿನಲ್ಲಿ ಸಿಂಹದ ಬಾಯಿಗೆ ಬಿದ್ದವರ ಮೊಮ್ಮಕ್ಕಳು, ಚಕ್ರವರ್ತಿ ತಮ್ಮ ಕಡೆಯಾದದ್ದೇ, ಬೇರೆಯವರ ಗುಡಿ ಒಡೆದರು. ಆಮೇಲೆ ತಮ್ಮತಮ್ಮಲ್ಲೇ ಬಡಿದಾಡಿದರು. ಯೇಸುವಿಗೆ ದೇವರದು, ಮನುಷ್ಯರದು ಎಂದು ಸ್ವಭಾವ ಎರಡೋ, ಎರಡೂ ಸೇರಿ ಒಂದೋ ಎಂದು ಬಿಷಪರು ಬಿಷಪರನ್ನೇ ಗಡೀಪಾರು ಮಾಡಿಸಿದರು. ಓದುತ್ತಾ ಸುಸ್ತಾಗುತ್ತಿತ್ತು. ಆದರೂ ತಿಳಿದದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗಾಗದು.

ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರ. ನಾವು ಕಥೋಲಿಕರು ಆ ದಿನ ಮಾಂಸ ಬಿಟ್ಟು ಮೀನು ತಿನ್ನುವವರು. ಬಂಗುಡೆ ಸಾರು ಮಾಡಿದ್ದೆ. ಕೇರಳದವನ ನೋಂಬಿಗೆ, ಅಂದರೆ ಉಪವಾಸಕ್ಕೆ, ಮೀನೂ ಇಲ್ಲ, ಹಾಲೂ ಇಲ್ಲ. ಅವನಿಗೆಂದು ಬೇರೆ ಬೇಳೆ ಬೇಯಿಸಿದ್ದೆ. ಬಡಿಸುವಾಗ ಮರೆತು ಮೀನಿನ ಸೌಟನ್ನೇ ಅದಕ್ಕೂ ಹಾಕಿಬಿಟ್ಟೆ. ಅವನು ಬಟ್ಟಲು ಸರಿಸಿದ.

"ಎಂತ ಮಾರಾಯ, ಮೀನು ಎಂತ ಪಾಪ ಮಾಡಿದೆ? ಸಂತ ಪೇತ್ರನೇ ಮೀನು ಹಿಡಿದವ ಅಲ್ವಾ?" ಎಂದು ಹಿರಿಯ ನಕ್ಕ.

"ಹಿಡಿದದ್ದು ಹೌದು. ನೋಂಬಿಗೆ ತಿಂದದ್ದು ನೀವು ನೋಡಿದ್ದೀರಾ?" ಎಂದು ಅವನೂ ನಕ್ಕ.

ಅಲ್ಲಿಗೆ ಮುಗಿಯುತ್ತಿತ್ತು. ನಾನು ಪುಸ್ತಕ ತಂದೆ. ಸ್ವಭಾವ ಎರಡೆಂದು ಒಪ್ಪದವರನ್ನು ಬಿಷಪರ ಮಹಾಸಭೆ ಹೊರಹಾಕಿದ ಪುಟ ಓದಿ, "ನಿಮ್ಮವರು ಬೇರೆ ಆದದ್ದು ಇಲ್ಲೇ ನೋಡು" ಅಂದೆ.

"ಹಾಗಾದ್ರೆ ನಮ್ಮ ಕೋಣೆಯಲ್ಲೇ ಒಬ್ಬ ಪಾಷಂಡಿ!" ಅಂದ ಹಿರಿಯ.

ಕೇರಳದವನು ಎದ್ದು ಬಟ್ಟಲು ತೊಳೆದಿಟ್ಟು ಹೊರಗೆ ಹೋದ. ಮುಂದಿನ ಎರಡು ಶುಕ್ರವಾರ ಪ್ರಾರ್ಥನೆಗೆ ಬರಲಿಲ್ಲ. ಬೇರೆ ಕೋಣೆ ಕೇಳಿದ್ದಾನೆ ಎಂದು ಕ್ಯಾಂಪ್ ಬಾಸ್ ಹೇಳಿದ.

ಬಸ್ಸಿನಲ್ಲಿ ಅವನ ಪಕ್ಕ ಕೂತು ತಪ್ಪಾಯಿತು ಅಂದೆ. ಅವನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ.

"ಸಭೆ ಒಡೆಯುವುದನ್ನು ನೀವು ಪುಸ್ತಕದಲ್ಲಿ ಓದಿದ್ದು ಭಾಯಿ. ನಮ್ಮೂರಲ್ಲಿ ಒಂದೇ ಇಗರ್ಜಿಗೆ ಎರಡು ಪಾರ್ಟಿ. ಅಮ್ಮ ತೀರಿಕೊಂಡಾಗ ಆ ಪಾರ್ಟಿಯವರು ಇಗರ್ಜಿ ಗೇಟು ಹಾಕಿದ್ರು. ಅಮ್ಮನ ಪೆಟ್ಟಿಗೆ ಸಂಜೆವರೆಗೆ ರಸ್ತೆಯಲ್ಲಿ. ಗೇಟಿಗೆ ಅಡ್ಡ ನಿಂತವರಲ್ಲಿ ನನ್ನ ಚಿಕ್ಕಪ್ಪನೂ ಇದ್ರು. ಇಲ್ಲಿ ಅದೆಲ್ಲ ಇಲ್ಲ ಅಂತ ಎಣಿಸಿದ್ದೆ."

ಪ್ಲಾಂಟಿನ ಗೇಟು ಬಂತು, ಇಳಿದೆವು.

ಆ ಶುಕ್ರವಾರ ಅವನು ಪ್ರಾರ್ಥನೆಗೆ ಕೂತ. ಹಿರಿಯ ಸರಿದು ಜಾಗ ಕೊಟ್ಟ. ನಾನು ಬೇಳೆ, ಪಲ್ಯ ಮಾತ್ರ ಮಾಡಿದ್ದೆ. "ಬಾ, ಊಟ ಮಾಡುವ" ಎಂದೆ.

"ಹಸಿವಿಲ್ಲ ಭಾಯಿ" ಎಂದು ಗೋಡೆಗೆ ಮುಖ ಮಾಡಿ ಮಲಗಿದ.

ಕೋಣೆ ಬಿಟ್ಟು ಹೋಗಲಿಲ್ಲ, ಅದೊಂದು ಸಮಾಧಾನ. ನಾವಿಬ್ಬರೂ ಉಂಡೆವು. ಅವನ ಪಾಲಿನ ಅನ್ನವನ್ನು ಮುಚ್ಚಿಟ್ಟೆ.