ಮನೆ ಕಳೆದುಕೊಂಡವರೇ ಮನೆ ತೋರಿಸಿದರು

ಬಾಗಿಲು ತೆರೆದ ಸೆಲ್ವಿ ಅಕ್ಕ, ಮನೆಗೆ ಬೆಲೆ ಕಟ್ಟಲು ಬ್ಯಾಂಕಿನಿಂದ ಬಂದಿದ್ದವರಿಗೆ, “ವಾಂಗ ಸಾರ್, ಎಲ್ಲಾ ರೂಮೂ ಸರಿಯಾಗಿ ನೋಡಿ,” ಎಂದರು.

ಮಲೇಷ್ಯಾದ ಸುಬಾಂಗ್ ಜಯಾದಲ್ಲಿದ್ದ ಆ ಮನೆ ಮೊದಲು ಅಕ್ಕನದೇ ಆಗಿತ್ತು. ಕಂತು ಕಟ್ಟಲಾಗದೆ ಅದು ಸರ್ಕಾರಿ ಸಾಲ ಸಂಸ್ಥೆಯ ವಶವಾಗಿ, ಹರಾಜಿನಲ್ಲಿ ನಮ್ಮ ಪಾಲಿಗೆ ಬಂದಿತ್ತು. ಬ್ಯಾಂಕಿನವರು ಮೊದಲ ಸಲ ಗೇಟಿನಾಚೆ ನಿಂತೇ ಕಟ್ಟಿದ ಬೆಲೆ ನಾವು ಕೂಗಿದ್ದಕ್ಕಿಂತ ಬಹಳ ಕಡಿಮೆ. ಅಷ್ಟಕ್ಕೇ ಸಾಲ ಕೊಟ್ಟಿದ್ದರೆ ಉಳಿದ ಹಣ ಹೊಂದಿಸಲಾಗದೆ, ಹರಾಜಿನಲ್ಲಿ ಕಟ್ಟಿದ್ದ ನಮ್ಮ ಮುಂಗಡ ಮುಳುಗುತ್ತಿತ್ತು. ಒಳಗೆ ನೋಡಿ ಮತ್ತೆ ಬೆಲೆ ಕಟ್ಟಲು ಅವರು ಒಪ್ಪಿದರು. ಆದರೆ ಒಳಗೆ ಇನ್ನೂ ಸೆಲ್ವಿ ಅಕ್ಕ ವಾಸವಿದ್ದರು. “ಯಾವ ಮುಖ ಇಟ್ಕೊಂಡು ಕೇಳೋದು?” ಎಂದು ನನ್ನವರು ಹಿಂಜರಿದರು. ಕೊನೆಗೆ ನಾನೇ ಹೋಗಿ ಕೇಳಿದ್ದೆ.

ಅಕ್ಕ ನೆಲ ಒರೆಸಿ, ಪರದೆಗಳನ್ನು ಒಗೆದು ಹಾಕಿದ್ದರು. ತೀರಿಹೋದ ಗಂಡ ಮಾಡಿಸಿದ್ದ ಅಡುಗೆಮನೆಯ ಕಪಾಟುಗಳನ್ನು ಒಂದೊಂದಾಗಿ ತೆರೆದು ತೋರಿಸಿದರು. ನಾನು ಬೆರಗಾಗಿ ನಿಂತಿದ್ದೆ. “ನಮಗೋಸ್ಕರ ಯಾಕಕ್ಕಾ ಇಷ್ಟೆಲ್ಲ?” ಎಂದೆ.

“ನನ್ನ ಮನೆ ಹೋಯ್ತು. ಅದಕ್ಕೆ ನಿನ್ನ ಕಾಸೂ ಹೋಗಬೇಕಾಮ್ಮಾ?” ಎಂದು ತಮಿಳಿನಲ್ಲೇ ಕೇಳಿದರು.

ಬೆಲೆ ಏರಿತು, ಸಾಲ ಸಿಕ್ಕಿತು. ಅವರು ಮಗಳ ಊರಿಗೆ ಹೋದರು. ಬೀದಿಯವರು ಇದನ್ನು ಇಂದಿಗೂ ಸೆಲ್ವಿ ಅಕ್ಕನ ಮನೆ ಎನ್ನುತ್ತಾರೆ. ನಾವೂ ಹಾಗೆಯೇ ಹೇಳುತ್ತೇವೆ.