ಬೇಡ ಅಂದವರು ಅವರಲ್ಲ

ಷಾಹೀನ, ನಮ್ಮ ಮನೆಯವರು ಬೇಡ ಅನ್ನಲಿಲ್ಲ. ಆರು ವರ್ಷದಿಂದ ನೀನು ಅವರ ಮೇಲೆ ಇಟ್ಟುಕೊಂಡ ಸಿಟ್ಟು ಅವರಿಗೆ ಸಲ್ಲಬೇಕಾದದ್ದಲ್ಲ. ಬೇಡ ಅಂದವಳು ನಾನು. ಆ ಮಾತನ್ನು ಅವರ ಬಾಯಲ್ಲಿ ಇಟ್ಟವಳೂ ನಾನೇ.

ಇಷ್ಟು ಬರೆಯುವುದಕ್ಕೆ ಮೂರು ದಿನ ಬೇಕಾಯಿತು. ಎದುರಿಗೆ ಕೂತು ಹೇಳೋಣವೆಂದರೆ ನನ್ನ ಗುಣ ನನಗೆ ಗೊತ್ತು — ಅರ್ಧಕ್ಕೆ ಬಂದು ಸೊಪ್ಪಿನ ಸಾರಿನ ಕಡೆಗೋ ಯಾರದೋ ಮೊಣಕಾಲು ನೋವಿನ ಕಡೆಗೋ ಮಾತು ತಿರುಗಿಸಿಬಿಡುತ್ತೇನೆ. ಅದಕ್ಕೇ ಕಾಗದ. ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ನನಗೆ ಎಲ್ಲವೂ ಸಾಲಾಗಿ ಬಂದರೇನೇ ಬರುವುದು.

ಮುಳಬಾಗಿಲಿನ ಬಜಾರು ಬೀದಿಯ ನಿನ್ನ ಟೈಲರ್ ಅಂಗಡಿಗೆ ನಾನು ಬರತೊಡಗಿ ಆಗಲೇ ಹತ್ತು ವರ್ಷವಾಗಿತ್ತು. ಮನೆಗೆಲಸ ಮುಗಿಸಿ ಎರಡು ಗಂಟೆಗೆ ಬಂದರೆ ಐದರ ತನಕ ನಿನ್ನ ಮಿಷನ್ನಿನ ಪಕ್ಕ ಕೂತು ರವಿಕೆಗಳಿಗೆ ಹುಕ್ಕು ಹಾಕುವುದು, ಸೀರೆಗಳಿಗೆ ಫಾಲ್ ಹೊಲಿಯುವುದು. ಗಂಡ ತೀರಿಹೋದ ಮೇಲೆ ನೀನು ನಿನ್ನ ಅಣ್ಣನ ಮನೆಯಲ್ಲಿದ್ದೆ. ತಂಗಿ ನಸ್ರೀನ್ ಮದುವೆಯಾಗಿ ಸಿಂಗಪುರಕ್ಕೆ ಹೋಗಿದ್ದಳು. ಅವಳು ಬಸುರಿ ಎಂಬ ಸುದ್ದಿ ಬಂದ ದಿನ ನೀನು ಅರ್ಧ ಹೊಲಿದ ತೋಳನ್ನು ಮಿಷನ್ನಿನಲ್ಲೇ ಬಿಟ್ಟು ಎದ್ದು ನಿಂತೆ. "ಹೆರಿಗೆ ಹೊತ್ತಿಗೆ ನೀನೇ ಇರಬೇಕು ಆಪಾ" ಅಂದಳಂತೆ. ನಂಗಲಿ ರಸ್ತೆಯಲ್ಲಿ ಟೈರ್ ಅಂಗಡಿ ಇಟ್ಟಿರುವ ನಿನ್ನ ಅಣ್ಣ ಹೇಳಿದ್ದು ಒಂದೇ ಮಾತು: "ಒಬ್ಳೇ ಬೇಡ. ಜಯಕ್ಕ ಜೊತೇಲಿ ಬರೋದಾದ್ರೆ ಹೋಗು."

ನಾನು ಹೂಂ ಅಂದೆ. ಅಷ್ಟು ಸಲೀಸಾಗಿ ಅಂದೆ. ಯಾಕೆಂದರೆ ಆಗ ಅದು ಇನ್ನೂ ಬರಿಯ ಮಾತಾಗಿತ್ತು.

ಮಾತು ಮಾತಾಗಿ ಉಳಿಯಲು ನೀನು ಬಿಡಬೇಕಲ್ಲ! ಮರುದಿನವೇ ಒಂದು ಉದ್ದ ನೋಟ್‌ಬುಕ್ಕು ತಂದೆ. "ಅಕ್ಕಾ, ನಂಗಲಿಯಿಂದ ಮಾಲೂರಿಗೆ ಹೋಗೋರು ಏನ್ ಮಾಡ್ತಾರೆ? ಮುಳಬಾಗಿಲಲ್ಲಿ ಇಳೀತಾರೆ, ಟೀ ಕುಡೀತಾರೆ. ಕೋಲಾರದಲ್ಲಿ ಇಳೀತಾರೆ, ಬಜಾರು ಸುತ್ತಿ ಇನ್ನೊಂದು ಬಸ್ಸು ಹತ್ತಾರೆ. ನಾವೂ ಹಂಗೇ ಹೋಗಾಣ. ಸಿಂಗಪುರಕ್ಕೆ ಸೀದಾ ಹೋಗಿ ಇಳಿಯೋಕೆ ನಾವೇನು ಪಾರ್ಸಲ್ಲಾ?"

ಹಾಗೆ ಶುರುವಾಯಿತು. ಮೊದಲು ಕೊಲಂಬೊ, ಅಲ್ಲಿಂದ ರೈಲಿನಲ್ಲಿ ಕ್ಯಾಂಡಿ. ಆಮೇಲೆ ಬ್ಯಾಂಕಾಕು. ಅಲ್ಲಿಂದ ಕೆಳಕ್ಕೆ ರೈಲು, ಬಸ್ಸು, ದೋಣಿ — ಪೆನಾಂಗು, ಕ್ವಾಲಾಲಂಪುರ, ಮಲಕ್ಕಾ, ಕೊನೆಗೆ ಸಿಂಗಪುರ. ಇಪ್ಪತ್ತೆರಡು ದಿನ. ಬೆನ್ನಿಗೆ ಒಂದೊಂದು ಚೀಲ, ಅಷ್ಟೇ. ಸಿಂಗಪುರದಲ್ಲಿ ನೀನು ನಸ್ರೀನ್ ಹತ್ತಿರ ಉಳಿಯುವುದು, ವಾರವಿದ್ದು ನಾನು ವಿಮಾನ ಹತ್ತಿ ವಾಪಸ್ಸು. ನೀನು ಊರುಗಳ ಹೆಸರು ಬರೆದೆ. ನಾನು ಅದರ ಪಕ್ಕದಲ್ಲಿ ನನಗೆ ತಿಳಿದದ್ದು ಬರೆದೆ: ಎಷ್ಟು ದಿನಕ್ಕೆ ಎಷ್ಟು ಹುರಿಹಿಟ್ಟು, ಚಟ್ನಿಪುಡಿ ಯಾವ ಡಬ್ಬದಲ್ಲಿ, ಮಳೆ ಬಂದರೆ ಬಟ್ಟೆ ಎಲ್ಲಿ ಒಣಗಿಸುವುದು. ಅದನ್ನು ಓದಿ ನೀನು ನಕ್ಕಿದ್ದು ಈಗಲೂ ಕೇಳಿಸುತ್ತದೆ. "ಅಕ್ಕಾ, ಅಲ್ಲಿರೋರೂ ಮನುಷ್ಯರೇ. ಅನ್ನ ತಿಂತಾರೆ, ಬಟ್ಟೆ ಒಣಗಿಸ್ತಾರೆ."

ತಂಗುವ ಕಡೆ ಒಂದರ ಮೇಲೊಂದು ಮಂಚ ಇರುತ್ತದೆಂದು ನೀನು ಫೋನಿನಲ್ಲಿ ತೋರಿಸಿದೆ. ಮೇಲಿನದು ನನಗೆ ಅಂದೆ ನಾನು. "ಬೇಡಪ್ಪ, ನೀನು ಬಿದ್ರೆ ನಾನು ಸಾಯ್ತೀನಿ. ನಾನು ಬಿದ್ರೆ ನೀನು ಬರೀ ಕಿರುಚ್ತೀಯ" ಅಂದೆ ನೀನು.

ಚೀಲಗಳನ್ನು ನೀನೇ ಹೊಲಿದೆ — ದಪ್ಪ ಕ್ಯಾನ್ವಾಸು, ಒಳಗಡೆ ಪಾಸ್‌ಪೋರ್ಟಿಗೆ ಗುಪ್ತ ಜೇಬು. ನನಗೆ ಎರಡು ಚೂಡಿದಾರ್ ಕೂಡ. ನಲವತ್ತೆಂಟು ವರ್ಷದಲ್ಲಿ ನಾನು ಮೊದಲು ಹಾಕಿಕೊಂಡ ಚೂಡಿದಾರ್ ಅದು. ಅಭ್ಯಾಸವಾಗಲೆಂದು ಚೀಲಕ್ಕೆ ರಾಗಿ ತುಂಬಿಕೊಂಡು ಆವನಿ ಬೆಟ್ಟ ಹತ್ತಿದೆವಲ್ಲ, ನೆನಪಿದೆಯಾ? ದಾರಿಯಲ್ಲಿ ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ಅಜ್ಜಿ, "ಏನಮ್ಮ ಮಾರ್ತೀರಿ?" ಅಂದಳು.

"ಕಷ್ಟ ಮಾರ್ತೀವಿ ಅಜ್ಜಿ, ತಗೊಂತೀಯಾ?" ಅಂದೆ ನೀನು.

"ನಂದೇ ಮಿಕ್ಕೈತೆ, ಬೇಕಾದ್ರೆ ನೀನೇ ತಗೊಂಡೋಗು."

ಬೆಟ್ಟದ ಮೇಲೆ ಕೂತು ಉಸಿರು ಬಿಡುತ್ತ ನಕ್ಕ ಆ ಹೊತ್ತು — ಅಂಥ ಹೊತ್ತು ನನ್ನ ಬದುಕಿನಲ್ಲಿ ಹೆಚ್ಚಿಲ್ಲ. ಇದನ್ನೂ ನಿನಗೆ ಹೇಳಿರಲಿಲ್ಲ.

ಈಗ ಮನೆಯವರ ವಿಷಯ. ಅವರಿಗೆ ಮೊದಲ ವಾರವೇ ಹೇಳಿದ್ದೆ. ಮೂವತ್ತು ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಆಗ ತಾನೇ ನಿವೃತ್ತರಾಗಿದ್ದರು. ನಾನು ಹೆದರಿ ಹೆದರಿ ಹೇಳಿದರೆ ಅವರು, "ಹೋಗ್ಬಿಟ್ಟು ಬಾ. ನಾನು ಊರೂರಿಗೂ ಜನಾನ ಹತ್ತಿಸಿದೆ, ನಿನ್ನ ಯಾವತ್ತು ಎಲ್ಲಿಗೆ ಹತ್ತಿಸ್ದೆ?" ಅಂದರು. ಅಷ್ಟೇ ಅಲ್ಲ ಷಾಹೀನ. ಮರುದಿನದಿಂದ ಮುದ್ದೆ ತಿರುವುವುದನ್ನು ಕಲಿಯತೊಡಗಿದರು. ಮೊದಲ ವಾರವೆಲ್ಲ ಗಂಟು ಗಂಟು. ಎಂಟನೆಯ ದಿನ ನುಣ್ಣಗೆ ಬಂತು. ಅದನ್ನು ತಟ್ಟೆಯಲ್ಲಿಟ್ಟು ಪಕ್ಕದ ಮನೆಯವರಿಗೆಲ್ಲ ತೋರಿಸಿ ಬಂದರು. "ಇನ್ನು ನೀನು ಎರಡು ತಿಂಗಳು ಬರದಿದ್ರೂ ಪರವಾಗಿಲ್ಲ" ಅಂದರು ನನಗೆ.

ಇಂಥವರ ಬಾಯಲ್ಲಿ ನಾನು ಬೇಡ ಅನ್ನುವ ಮಾತು ಇಟ್ಟೆ.

ಯಾಕೆ ಅಂದರೆ — ಹೆದರಿಕೆ. ಇದಕ್ಕಿಂತ ದೊಡ್ಡ ಕಾರಣ ಹುಡುಕಿದೆ, ಸಿಗಲಿಲ್ಲ. ಟಿಕೆಟ್ ಮಾಡಿಸುವುದಕ್ಕೆ ನಾಲ್ಕು ದಿನ ಇರುವಾಗ ನೀನು ಒಂದು ವಿಡಿಯೋ ತೋರಿಸಿದೆ: ವಿಮಾನ ಇಳಿದ ಮೇಲೆ ಏನೇನು ಮಾಡಬೇಕು ಎಂದು. ನೆಲದ ಮೇಲೆ ಒಂದು ಹಳದಿ ಗೆರೆ. ಅದರ ಹಿಂದೆ ಸಾಲು. ಇಬ್ಬರೂ ಒಟ್ಟಿಗೆ ಹೋಗುವಂತಿಲ್ಲ, ಒಬ್ಬೊಬ್ಬರೇ ಗೆರೆ ದಾಟಿ ಗಾಜಿನ ಕಿಟಕಿಯ ಮುಂದೆ ನಿಲ್ಲಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು. ನೀನು ಮುಂದಿನ ವಿಡಿಯೋಗೆ ಹೋದೆ. ನಾನು ಆ ಗೆರೆಯಲ್ಲೇ ನಿಂತುಬಿಟ್ಟೆ. ತವರಿನಿಂದ ಅತ್ತೆಮನೆಗೆ, ಅಲ್ಲಿಂದ ನಿನ್ನ ಅಂಗಡಿಗೆ — ನಾನು ಯಾರೂ ಜೊತೆಗಿಲ್ಲದೆ ಎಲ್ಲೂ ಉತ್ತರ ಹೇಳಿದವಳಲ್ಲ. ಮೂರು ದಿನ ಅಂಗಡಿಗೆ ಬರಲಿಲ್ಲ. ವಾಪಸ್ಸು ಬರುವಾಗಲಂತೂ ನಾನೊಬ್ಬಳೇ...

ಹೆದರಿಕೆ ಅಂತ ಹೇಳಿದ್ದರೆ ನೀನು ನಗುತ್ತಿದ್ದೆ, ಬೈಯುತ್ತಿದ್ದೆ, ಕೊನೆಗೆ ಏನಾದರೂ ಉಪಾಯ ಹುಡುಕುತ್ತಿದ್ದೆ. ಹೇಳಲಾಗಲಿಲ್ಲ. ಜೀವಮಾನವೆಲ್ಲ "ನನ್ನನ್ನ ಯಾರು ಬಿಡ್ತಾರೆ ಕಣೇ, ಬಿಟ್ಟಿದ್ರೆ ಎಲ್ಲೆಲ್ಲಿಗೋ ಹೋಗ್ತಿದ್ದೆ" ಅಂತ ಹೇಳಿಕೊಂಡು ಬಂದವಳು ನಾನು. ಬಿಟ್ಟರು. ಬಿಟ್ಟ ಮೇಲೆ ಕಾಲು ಬರಲಿಲ್ಲ ಎಂದು ಯಾವ ಬಾಯಲ್ಲಿ ಹೇಳಲಿ?

ನಾಲ್ಕನೆಯ ದಿನ ಬಂದು ಹೇಳಿದೆ: "ಮನೇಲಿ ಬೇಡ ಅಂದ್ರು ಕಣೇ."

ಈ ಮಾತಿಗೆ ನಮ್ಮ ಕಡೆ ಎರಡನೆಯ ಪ್ರಶ್ನೆ ಇಲ್ಲ. ಸಂಘದ ಮೀಟಿಂಗಿಗೆ ಬಾರದವಳೂ ಇದನ್ನೇ ಹೇಳುತ್ತಾಳೆ, ಕೆಲಸ ಬಿಟ್ಟ ಟೀಚರೂ ಇದನ್ನೇ ಹೇಳುತ್ತಾಳೆ. ಕೇಳಿದ ಹೆಂಗಸು ತಲೆಯಾಡಿಸುತ್ತಾಳೆ, ಮುಗಿಯಿತು. ಎಷ್ಟೋ ಜನರಿಗೆ ಅದು ನಿಜವಾದ ಗೋಡೆ. ನಾನು ಇಲ್ಲದ ಗೋಡೆ ಕಟ್ಟಿ ಅದರ ಹಿಂದೆ ಕೂತೆ.

ನೀನು ಒಂದು ಸಲ ಕತ್ತರಿ ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ಆಮೇಲೆ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಬಿಡಕ್ಕ, ನಿಂದೇನು ತಪ್ಪಿದೆ" ಅಂದೆ. ಎದುರಿನ ಹೋಟೆಲಿನಿಂದ ಟೀ ತರಿಸಿದೆ. ನಿನ್ನ ಪ್ರಯಾಣ ಮುರಿದವಳನ್ನು ನೀನೇ ಸಮಾಧಾನ ಮಾಡಿದೆ, ಷಾಹೀನ. ನಾನು ಆ ಟೀ ಕುಡಿದೆ.

ಮನೆಗೆ ಹೋಗಿ ಇನ್ನೊಂದು ಸುಳ್ಳು. "ಷಾಹೀನನ ಅಣ್ಣ ಬೇಡ ಅಂದ್ರಂತೆ" ಅಂದೆ. ಇವರ ಮುಖ ಸಣ್ಣದಾಯಿತು. "ಪೋನೀಲೇ, ಹೋಗ್ಲಿ ಬಿಡು, ಪಾಪ, ಆಯಮ್ಮನ ಹತ್ರ ಆ ಮಾತೇ ಎತ್ಬೇಡ, ನೊಂದ್ಕೊಳ್ತಾಳೆ" ಅಂದರು. ಅಂದಿನಿಂದ ಸ್ಕೂಟರಿಗೆ ಗಾಳಿ ಹಾಕಿಸಲು ನಿನ್ನ ಅಣ್ಣನ ಅಂಗಡಿಗೆ ಹೋಗುವುದನ್ನೂ ಬಿಟ್ಟರು — ಆ ಮನುಷ್ಯ ತಂಗಿಯನ್ನು ಕಟ್ಟಿಹಾಕಿದನಲ್ಲ ಎಂಬ ಸಿಟ್ಟು. ಇತ್ತ ನೀನು, ನನ್ನನ್ನು ಕರೆದುಕೊಂಡು ಹೋಗಲು ಅವರು ಅಂಗಡಿ ಮುಂದೆ ಬಂದು ನಿಂತರೆ ತಲೆ ಎತ್ತುತ್ತಿರಲಿಲ್ಲ. ಮಿಷನ್ನನ್ನು ಇನ್ನೂ ಜೋರಾಗಿ ತುಳಿಯುತ್ತಿದ್ದೆ. ಇಬ್ಬರು ಒಳ್ಳೆಯವರು, ಇಬ್ಬರ ನಡುವೆ ಕೂತು ಹುಕ್ಕು ಹಾಕುತ್ತಿದ್ದವಳು ನಾನು.

ನಸ್ರೀನ್ ಹೆರಿಗೆಯ ದಿನ ನೀನು ಅಂಗಡಿಯಲ್ಲಿ ಫೋನು ಹಿಡಿದುಕೊಂಡು ಕೂತಿದ್ದೆ. ಅವಳಿಗೆ ಕಷ್ಟವಾಯಿತು. ಪಕ್ಕದಲ್ಲಿ ನಮ್ಮವರು ಅನ್ನುವ ಹೆಂಗಸು ಒಬ್ಬಳೂ ಇರಲಿಲ್ಲ. ಮಗು ಅತ್ತ ಸದ್ದು ಫೋನಿನಲ್ಲಿ ಕೇಳಿ ನೀನು ಅತ್ತೆ. ಅಂದು ಹೇಳಬೇಕಿತ್ತು. ಅಂದೂ ಹೇಳಲಿಲ್ಲ. ಮರುವರ್ಷ ರೋಗ ಬಂದು ಎಲ್ಲ ದೇಶಗಳ ಬಾಗಿಲೂ ಮುಚ್ಚಿದಾಗ, ಹೇಗಿದ್ದರೂ ಹೋಗಲಾಗುತ್ತಿರಲಿಲ್ಲ ಎಂದು ಮನಸ್ಸಿಗೆ ಹೇಳಿಕೊಂಡೆ. ಅದೂ ಸುಳ್ಳು. ನಾವು ಹೋಗಬೇಕಾಗಿದ್ದದ್ದು ಬಾಗಿಲು ತೆರೆದಿದ್ದಾಗಲೇ. ನಿನ್ನ ಪಾಸ್‌ಪೋರ್ಟಿನಲ್ಲಿ ಇವತ್ತಿಗೂ ಒಂದು ಸೀಲು ಬಿದ್ದಿಲ್ಲ.

ಇನ್ನೊಂದನ್ನು ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ. ನಿನ್ನ ಕನಿಕರ ನನಗೆ ಹಿತವಾಗಿತ್ತು. "ನಮ್ಮ ಅಕ್ಕ ಎಷ್ಟು ತಡ್ಕೊಂಡಿದಾಳೆ" ಅಂತ ನೀನು ಬಂದವರಿಗೆ ಹೇಳುವಾಗ ನಾನು ಅಲ್ಲ ಅನ್ನಲಿಲ್ಲ. ಒಮ್ಮೊಮ್ಮೆ ನಿಟ್ಟುಸಿರನ್ನೂ ಬಿಟ್ಟೆ.

ಹೋದ ಭಾನುವಾರ ನಿನ್ನ ಅಣ್ಣನ ಮಗಳ ಮದುವೆ. ಇವರು ಬರುವುದಿಲ್ಲ ಅಂದುಕೊಂಡಿದ್ದೆ, ಆದರೆ ಹೊರಟರು. "ಆಯಮ್ಮ ಕರೆದಿದಾಳೆ" ಅಂದರು. ಮಧ್ಯಾಹ್ನದ ಊಟಕ್ಕೆ ಮಾಂಸ ತಿನ್ನದ ನಮ್ಮಂಥವರಿಗೆಂದು ಬೇರೆ ಹಾಕಿದ್ದ ಸಾಲಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತಿದ್ದೆವು. ನೀನು ಬಡಿಸುತ್ತ ಬಂದು ನಿಂತೆ.

"ಏನ್ ಕಂಡಕ್ಟರ್ ಸಾರ್, ಇವತ್ತು ಅಕ್ಕಂಗೆ ಪರ್ಮಿಷನ್ ಸಿಕ್ತಾ? ಊರೊಳಗೆ ಅಂತ ಬಿಟ್ರೇನೋ!"

ಸಾಲಿನಲ್ಲಿದ್ದವರು ನಕ್ಕರು. ಇವರೂ ನಕ್ಕರು, ಅರ್ಥವಾಗದೆ. ಆಮೇಲೆ ನೀನು ದನಿ ತಗ್ಗಿಸಿದೆ. "ಅವತ್ತು ನೀವು ಒಂದು ಹೂಂ ಅಂದಿದ್ರೆ ಸಾರ್, ನಮ್ಮ ನಸ್ರೀನ್ ಹೆರೋವಾಗ ನಾನು ಪಕ್ಕದಲ್ಲಿರ್ತಿದ್ದೆ. ಅದೊಂದು ನಂಗೆ ಮರೆಯಕ್ಕಾಗಲ್ಲ."

ಇವರು ತುತ್ತು ಎತ್ತಿದ ಕೈಯನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ಆಮೇಲೆ ನಿನ್ನ ಕಡೆ ತಿರುಗಿ, "ಹೌದಮ್ಮ. ನಾನು ಬೇಡ ಅನ್ನಬಾರ್ದಾಗಿತ್ತು. ತಪ್ಪಾಯ್ತು ಷಾಹೀನಮ್ಮ" ಅಂದರು.

ನಿನ್ನ ಕಣ್ಣು ತುಂಬಿತು. "ಬಿಡಿ ಸಾರ್, ಹೇಳಿದ್ರಲ್ಲ, ಸಾಕು" ಅಂದು ಅವರ ಎಲೆಗೆ ಸಿಹಿಯನ್ನ ಎರಡು ಸಲ ಬಡಿಸಿದೆ. ಆರು ವರ್ಷದಲ್ಲಿ ಮೊದಲ ಸಲ ಅವರ ಮುಖ ನೋಡಿ ನಕ್ಕೆ. ನಾನು ತಲೆ ತಗ್ಗಿಸಿ ಅನ್ನ ಕಲೆಸುತ್ತಿದ್ದೆ. ಆಗಲೂ ನಾನು —

ಸ್ಕೂಟರಿನಲ್ಲಿ ಮನೆಗೆ ಬರುವಾಗ ಅವರು ಆಡಿದ್ದು ಒಂದೇ ಮಾತು: "ಸೆರಗು ಎತ್ಕೋ, ಚಕ್ರಕ್ಕೆ ಸಿಕ್ಕೀತು."

ಮರುದಿನ ಬೆಳಿಗ್ಗೆ ಇಬ್ಬರೂ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಾಗ ನಾನೇ ಕೇಳಿದೆ. "ನಿನ್ನೆ ಯಾಕೆ ಹಂಗಂದ್ರಿ? ನೀವು ಬೇಡ ಅಂದಿರ್ಲಿಲ್ವಲ್ಲ."

"ಇಲ್ಲ." ನಾಲ್ಕಾರು ಕಾಳು ಹಿತುಕಿದರು. "ನಿನ್ನ ಮುಖ ನೋಡ್ದೆ. ಟಿಕೆಟ್ ಇಲ್ದೆ ಹತ್ತಿದವರ ಮುಖ ಮೂವತ್ತು ವರ್ಷ ನೋಡಿದೀನಿ ಜಯಾ. ಅಷ್ಟು ಜನದ ಮುಂದೆ ನಿನ್ನ ಇಳಿಸೋಕೆ ಮನಸ್ಸು ಬರ್ಲಿಲ್ಲ."

ನಾನು ಅತ್ತೆ. ಎಲ್ಲವನ್ನೂ ಹೇಳಿದೆ — ಗೆರೆ, ಹೆದರಿಕೆ, ಎರಡು ಸುಳ್ಳು. ಅವರು ಕೊನೆಯವರೆಗೂ ಕೇಳಿ, ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಹೆದ್ರಿಕೆ ಅಂತ ನಂಗೆ ಹೇಳಿದ್ರೆ ಏರ್‌ಪೋರ್ಟ್ ಬಾಗಿಲ ತನಕ ಬಂದು ನಿಲ್ತಿದ್ದೆ. ಆಯ್ತು, ಅದು ಮುಗೀತು. ಆದ್ರೆ ಆಯಮ್ಮ ನಿನ್ನೆ ನನ್ನನ್ನ ಕ್ಷಮಿಸಿಬಿಟ್ಳು ನೋಡು. ಅದು ನಂದಲ್ಲ. ನಾನು ಇಟ್ಕೊಳಕ್ಕಾಗಲ್ಲ. ನೀನು ಹೋಗಿ ಹೇಳು."

ಅದಕ್ಕೇ ಇದು. ಕ್ಷಮಿಸು ಎಂದು ಬರೆಯಲು ಹೊರಟು ಹೊಡೆದುಹಾಕಿದೆ. ಮೊದಲೇ ಒಬ್ಬರನ್ನು ಕ್ಷಮಿಸಿ ದಣಿದಿದ್ದೀಯ. ಅವರ ಮೇಲೆ ಇದ್ದ ಸಿಟ್ಟನ್ನೆಲ್ಲ ಅವರಿಂದ ತೆಗೆದು ನನ್ನ ಮೇಲೆ ಹಾಕು, ಅಷ್ಟು ಸಾಕು. ನಸ್ರೀನ್‌ಗೂ ಹೇಳು. ನಿನ್ನ ಅಣ್ಣನಿಗೆ ನಾನೇ ಹೇಳುತ್ತೇನೆ.

ನಾಳೆ ಶುಕ್ರವಾರ. ನಮಾಜಿನ ಹೊತ್ತಿಗೆ ಬಜಾರು ಖಾಲಿಯಾಗುತ್ತದೆ, ನಿನ್ನ ಅಂಗಡಿಗೂ ಜನ ಬರುವುದಿಲ್ಲ. ಆಗ ಬಂದು ಇದನ್ನು ನಿನ್ನ ಕೈಗೆ ಕೊಡುತ್ತೇನೆ. ಕೊಟ್ಟು ಹೊರಟುಹೋಗುವುದಿಲ್ಲ. ನೀನು ಕೊನೆಯ ಸಾಲಿನವರೆಗೆ ಓದುವಾಗ ಎದುರಿಗೇ ಇರುತ್ತೇನೆ. ಆಮೇಲೆ ನೀನು ಏನು ಕೇಳಿದರೂ, ಎಷ್ಟು ಕೇಳಿದರೂ, ಉತ್ತರ ಹೇಳುತ್ತೇನೆ.